ಸೋರ್ಸ್ ಕೋಡಿನ ಹಂಚಿಕೆ: ಪರಿಶೋಧಕನಿದ್ದ ಹಾದಿ, ಇಲ್ಲದ ಹಾದಿ

ಮುಕ್ತ ತಂತ್ರಾಂಶವು ಯಾರ ಅಪ್ಪಣೆಯನ್ನೂ ಬೇಡದೆ, ಯಾವ ಪರಿಶೋಧಕನ ಕೈಯನ್ನೂ ಹಾಯದೆ, ತನ್ನಷ್ಟಕ್ಕೆ ತಾನೇ ಹಬ್ಬಿತೆಂಬ ಮಾತು ಈಚೆಗೆ ಎಷ್ಟು ನಿಸ್ಸಂಶಯವಾಗಿ ಕೇಳಿಬರುತ್ತಿದೆಯೆಂದರೆ, ಅದರ ಇತಿಹಾಸದಲ್ಲಿ ಮಾಡರೇಟರ್ ಎಂಬುವನೊಬ್ಬನಿದ್ದನೆಂಬುದನ್ನೇ ಹೊಸ ತಲೆಮಾರು ಮರೆತಂತಿದೆ.

ಮೊದಲ ಘಟ್ಟವನ್ನು ಬೇಗನೆ ದಾಟಬಹುದು. ಕೋಡು ತುಂಬಿದ ಟೇಪಿನ ಸುರುಳಿಗಳು ಅಂಚೆಯಲ್ಲಿ ಅಲೆದ ಕಾಲ ಕಳೆದು, 1979-80ರಲ್ಲಿ ಉತ್ತರ ಕೆರೊಲೈನಾದ ಎರಡು ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಎಂಬ ಚರ್ಚಾಜಾಲ ಹುಟ್ಟಿದ ಮೇಲೆ, ಅದರ ‘ನೆಟ್.ಸೋರ್ಸಸ್’ ಗುಂಪಿಗೆ ಯಾರು ಬೇಕಾದರೂ ಕೋಡು ಕಳಿಸಬಹುದಾಗಿತ್ತು. ಕೋಡಿನ ಜೊತೆಗೆ ದೂರು, ಬಿನ್ನಹ, ವಾಗ್ವಾದಗಳೂ ಧಾರಾಳವಾಗಿ ಬಂದುವು.

ಈ ಗದ್ದಲಕ್ಕೆ ಪರಿಹಾರವಾಗಿ ಬಂದ, ಪರಿಶೋಧಕನಿದ್ದ ‘ಮಾಡ್.ಸೋರ್ಸಸ್’ ಗುಂಪು, ಯೂಸ್‌ನೆಟ್ ಗುಂಪುಗಳಿಗೆ ಹೊಸ ಹೆಸರುಗಳನ್ನಿಟ್ಟ 1986-87ರ ಮಹಾ ನಾಮಾಂತರದಲ್ಲಿ ‘ಕಾಂಪ್.ಸೋರ್ಸಸ್.ಯುನಿಕ್ಸ್’ ಎಂಬ ಹೆಸರನ್ನು ಪಡೆಯಿತು. ರಿಚ್ ಸಾಲ್ಜ್ ಮೊದಲಾದ ಮಾಡರೇಟರರು ಅಲ್ಲಿ ನಡೆಸಿದ ಕಾರ್ಯವನ್ನು ಬರಿಯ ನಿಷೇಧಾಧಿಕಾರವೆಂದು ಭಾವಿಸುವುದು ತಪ್ಪು. ಲೇಖಕನ ಕೋಡು ಮೊದಲು ಮಾಡರೇಟರನಿಗೆ ತಲಪುತ್ತಿತ್ತು. ಅವನು ಅದನ್ನು ಬಿಚ್ಚಿ ನೋಡಿ, ‘ಶಾರ್’ ಕಟ್ಟುಗಳಾಗಿ ಮತ್ತೆ ಕಟ್ಟಿ, ಸಂಪುಟ, ಸಂಚಿಕೆಗಳ ಸಂಖ್ಯೆಯಿತ್ತು, ಅನುಮೋದನೆಯ ಸಾಲೊಂದನ್ನು ಸೇರಿಸಿ ಹೊರಡಿಸುತ್ತಿದ್ದನು. ಆ ಸಾಲನ್ನು ಯಾರಾದರೂ ಕಳ್ಳತನದಿಂದ ಬರೆದುಕೊಳ್ಳಬಹುದಾಗಿತ್ತು. ವ್ಯವಸ್ಥೆಯೆಲ್ಲ ಮರ್ಯಾದೆಯ ಮೇಲೆ ನಿಂತಿತ್ತು. ಶಾರ್ ಎಂಬುದು ಸ್ವತಃ ಒಂದು ಶೆಲ್ ಸ್ಕ್ರಿಪ್ಟ್: ಓಡಿಸಿದರೆ ಕಡತಗಳು ಬಿಚ್ಚಿಕೊಳ್ಳುತ್ತಿದ್ದುವು, ಪ್ರತಿಯೊಂದರ ಅಕ್ಷರಗಳನ್ನೂ ಅದೇ ಎಣಿಸಿ ಲೋಪವಿದ್ದರೆ ಎಚ್ಚರಿಸುತ್ತಿತ್ತು. ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಪರ್ಲ್ ಭಾಷೆ, ಇಲ್ಲಿಯ 13ನೆಯ ಸಂಪುಟದಲ್ಲಿ 10 ಭಾಗಗಳಾಗಿ ಬಂದಿತು. ನಮ್ಮ ತಲೆಮಾರು ಕೋಡನ್ನು ಸಂಪುಟವಾಗಿ ಓದಲು ಕಲಿತದ್ದು ಹೀಗೆ.

ಮಾಡರೇಟರನ ಬಳಿಯ ಸರದಿ ಮಾತ್ರ ಬಹಳ ನಿಧಾನ. ಆತುರಗಾರರು ಪರಿಶೋಧಕನಿಲ್ಲದ ‘ಆಲ್ಟ್.ಸೋರ್ಸಸ್’ಗೆ ಹೋದರು, 1991ರ ಫೆಬ್ರುವರಿಯಲ್ಲಿ ಗೀಡೊ ವಾನ್ ರೊಸಮ್ ಪೈಥಾನನ್ನು 21 ಭಾಗಗಳಲ್ಲಿ ಹಂಚಿದ್ದು ಅಲ್ಲಿಯೇ. ಈ ಒಂದು ನಿದರ್ಶನವನ್ನೇ ಮುಕ್ತದ್ವಾರದ ಪಕ್ಷದವರು ಇಂದಿಗೂ ಮೆರೆಸುತ್ತಾರೆ. ಪರ್ಲಿನ ಮಾತು ಬಂದಾಗ ಮೌನ ತಾಳುತ್ತಾರೆ. ಸಮಾನಸ್ಕಂಧರು ಕೋಡನ್ನು ಪರೀಕ್ಷಿಸಿದ ಮೇಲೆಯೇ ಪ್ರಕಟಿಸುತ್ತಿದ್ದ ‘ಕಾಂಪ್.ಸೋರ್ಸಸ್.ರಿವ್ಯೂಡ್’ನ ಹೆಸರನ್ನಾದರೂ ಬಲ್ಲವರು ಈಗ ವಿರಳ.

ಮುಂದಿನದು ಚಿರಪರಿಚಿತ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಪರಿಶೋಧಕರ ಪರಂಪರೆಯನ್ನು ಉಳಿಸಿಕೊಂಡಿತು. ಜಾವಾಸ್ಕ್ರಿಪ್ಟ್ ಕೋಡಿನ ಕಣಜವಾದ ಎನ್‌ಪಿಎಂ ಅದನ್ನು ಬಿಟ್ಟುಕೊಟ್ಟಿತು, ಮತ್ತು 2016ರಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲುಗಳನ್ನು ಕರ್ತೃವೇ ಹಿಂತೆಗೆದುಕೊಂಡಾಗ ಅಸಂಖ್ಯ ಯೋಜನೆಗಳು ಮುಗ್ಗರಿಸಿದುವು. ಹಾಗೆಂದು ಪರಿಶೋಧನೆಯೊಂದೇ ರಕ್ಷೆಯೆನ್ನಲೂ ಬಾರದು. 2024ರಲ್ಲಿ ‘ಎಕ್ಸ್‌ಝೆಡ್’ ಎಂಬ ಸಂಕೋಚನ ತಂತ್ರಾಂಶದೊಳಗೆ ಅಡಗಿಸಿದ್ದ ಕಳ್ಳದಾರಿ ಡೆಬಿಯನ್ನಿನ ಅಸ್ಥಿರ ಶಾಖೆಯನ್ನೂ ಹೊಕ್ಕಿತ್ತು. ಲಾಗಿನ್ನು ಸುಮಾರು ಅರ್ಧ ಸೆಕೆಂಡು ತಡವಾದುದನ್ನು ಗಮನಿಸಿ ಅದನ್ನು ಪತ್ತೆಹಚ್ಚಿದವರು ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್. ಆ ಕುತಂತ್ರಕ್ಕೆ ಚಾಲನೆ ಕೊಡುವ ಸಾಲುಗಳು ಎಲ್ಲರೂ ನೋಡುತ್ತಿದ್ದ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದುವು; ಕಟ್ಟನ್ನು ಬಿಚ್ಚಿ ಭಂಡಾರದೊಡನೆ ಹೋಲಿಸುವ ಕೆಲಸವನ್ನು ಯಾರೂ ಯಾರಿಗೂ ವಹಿಸಿರಲಿಲ್ಲ.