ಶ್ವಾಸಕೋಶದ ಬೇನೆ ಕಿಡ್ನಿಗೆ ಹೇಗೆ ಹೋಯಿತು?



ಪ್ರತಿ ವರ್ಷ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ತಾಂಡೂರಿನ ನಾವು ಬಲಿಪೂಜೆ ಮುಗಿಸಿ ಸಮಾಧಿ ಸ್ಥಳಕ್ಕೆ ಹೋಗುತ್ತೇವೆ. ಫರಸಿ ಕಲ್ಲು ಹಾಸಿದ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ, ಹೂವಿಟ್ಟು, ನಮ್ಮವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಕಳೆದ ಸಲ ಹಾಗೆ ನಿಂತಿದ್ದಾಗ ನಾವೆಲ್ಲ ಆಯಿ ಎಂದು ಕರೆಯುವ ಒಬ್ಬ ಹಿರಿಯರು ನಮ್ಮನ್ನು ಹತ್ತಿರ ಕರೆದರು. 2021ರ ಮೇ ತಿಂಗಳಲ್ಲಿ ಅವರ ಮನೆಯವರು ಕೊರೊನಾದಿಂದ ತೀರಿಕೊಂಡಿದ್ದರು.

"ದಮ್ ಹತ್ಯದ ಅಂತ ದವಾಖಾನಿಗಿ ಒಯ್ದಿದ್ದೆವು. ನಾಕನೇ ದಿನಕ್ಕ ಕಿಡ್ನಿ ಹೋಗ್ಯಾವ ಅಂದ್ರು. ಕೆಮ್ಮಿಗೂ ಕಿಡ್ನಿಗೂ ಏನ್ ಸಂಬಂಧ ಅದ ತಮ್ಮಾ? ಖರೇ ಹೇಳ್ಯಾರೋ, ಸುಳ್ಳು ಹೇಳ್ಯಾರೋ?"

ನಾವು ಆ ದಿನ ಉತ್ತರ ಕೊಡಲಿಲ್ಲ. ಆದರೆ ಪ್ರಶ್ನೆ ಆಯಿಯೊಬ್ಬರದೇ ಅಲ್ಲ. ಉಸಿರಿನ ತೊಂದರೆ ಎಂದು ಸೇರಿಸಿದವರ ಮರಣ ಪತ್ರದಲ್ಲಿ ಹೃದಯ ನಿಂತಿತು, ಕಿಡ್ನಿ ವಿಫಲವಾಯಿತು ಎಂದು ಓದಿ, ಒಳಗೊಳಗೇ ಸಂಶಯ ಇಟ್ಟುಕೊಂಡಿರುವ ಮನೆಗಳು ನಮ್ಮ ನಡುವೆ ಬಹಳ ಇವೆ. ಹಾಗಾಗಿ ನಮ್ಮ ಯುವಜನ ಕೂಟದವರು ಕೂಡಿ ಈ ವಿಷಯವನ್ನು ಓದಿದೆವು. ಓದುತ್ತ ಹೋದಂತೆ ನೂರು ವರ್ಷಗಳ ಒಂದು ಚರಿತ್ರೆಯೇ ಸಿಕ್ಕಿತು. ಅದು ನಮ್ಮೂರಿನ ರೈಲು ಹಳಿಯಿಂದಲೇ ಶುರುವಾಗುತ್ತದೆ.

ರೈಲಿನಲ್ಲಿ ಬಂದ ಜ್ವರ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದಲ್ಲಿ ಉಳಿದವು. ಅದಕ್ಕೂ ಮೊದಲು ಇದೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ. ವಾಡಿಯಿಂದ ತಾಂಡೂರು, ವಿಕಾರಾಬಾದ್ ದಾಟಿ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗ 1874ರಷ್ಟು ಹಳೆಯದು. ಬೊಂಬಾಯಿಯಿಂದ ಮದರಾಸಿನ ಕಡೆ ಹೋಗುವ ದೊಡ್ಡ ಮಾರ್ಗಕ್ಕೆ ಅದು ವಾಡಿಯಲ್ಲಿ ಕೂಡುತ್ತದೆ. ಬೊಂಬಾಯಿಗೆ ಬಂದದ್ದು ನಮ್ಮೂರಿಗೆ ಬರಲು ಬಹಳ ದಿನ ಬೇಕಿರಲಿಲ್ಲ.

1918ರ ಜೂನ್‌ನಲ್ಲಿ ಬೊಂಬಾಯಿಯ ಬಂದರಿನಲ್ಲಿ ಕಾವಲಿದ್ದ ಕೆಲವು ಪೊಲೀಸ್ ಸಿಪಾಯಿಗಳು ಜ್ವರದಿಂದ ಮಲಗಿದರು. ಮೊದಲ ಮಹಾಯುದ್ಧ ಇನ್ನೂ ನಡೆದಿತ್ತು, ಹಡಗುಗಳಲ್ಲಿ ಸೈನಿಕರು ಹೋಗಿ ಬರುತ್ತಿದ್ದರು. ನಗರದ ಆರೋಗ್ಯಾಧಿಕಾರಿ ಜೆ. ಎ. ಟರ್ನರ್ ಈ ರೋಗ ರಾತ್ರಿ ಕಳ್ಳನಂತೆ ಬಂತು ಎಂದು ಬರೆದರು. ಶುಭಸಂದೇಶ ಕೇಳಿ ಬೆಳೆದ ನಮಗೆ ಆ ಹೋಲಿಕೆ ಹೊಸದಲ್ಲ. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ ಎದ್ದಿತು. ಅಕ್ಟೋಬರ್ 6ರ ಒಂದೇ ದಿನ ಬೊಂಬಾಯಿಯಲ್ಲಿ 768 ಸಾವುಗಳು ದಾಖಲಾದವು. ಅಲ್ಲಿಂದ ರೋಗ ರೈಲು ಮಾರ್ಗಗಳ ಗುಂಟ ದೇಶವಿಡೀ ಹಬ್ಬಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹಸಿದ ಮೈಗೆ ಜ್ವರ ಬಂತು.

ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರ ಜನಗಣತಿಯಲ್ಲಿ ಸುಮಾರು 1 ಕೋಟಿ 34 ಲಕ್ಷ ಇದ್ದದ್ದು 1921ಕ್ಕೆ ಸುಮಾರು 1 ಕೋಟಿ 25 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಕುಗ್ಗಿತು. ಅದಕ್ಕೆ ಬರವೂ ಪ್ಲೇಗೂ ಕಾರಣ, ಆದರೆ ಈ ಜ್ವರದ ಪಾಲೇ ದೊಡ್ಡದು.

ಇನ್ನೊಂದು ಮಾತು ಯುವಜನರು ಗಮನಿಸಬೇಕು. ಸಾಮಾನ್ಯ ಫ್ಲೂ ಜ್ವರ ಕೂಸುಗಳನ್ನೂ ಮುದುಕರನ್ನೂ ಒಯ್ಯುತ್ತದೆ. 1918ರದ್ದು ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದವರನ್ನು ಹೆಚ್ಚು ಒಯ್ದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮನೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದವರು ಅವರೇ.

ಕಾಣದ ಶತ್ರು

ಆಗಿನ ವೈದ್ಯರು ವಿಚಿತ್ರಗಳನ್ನು ಕಂಡರು. ತುಟಿ, ಕೆನ್ನೆ ನೀಲಿಯಾಗುತ್ತಿತ್ತು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಕೆಲವರಿಗೆ ಸನ್ನಿ ಹಿಡಿಯುತ್ತಿತ್ತು. ಕೆಮ್ಮಿನ ರೋಗ ಮೈಯೆಲ್ಲ ಹೇಗೆ ಹಬ್ಬಿತು ಎಂಬುದು ಅವರಿಗೂ ತಿಳಿಯಲಿಲ್ಲ.

1897ರ ಆಗಸ್ಟ್ 20ರಂದು ಇದೇ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೂಕ್ಷ್ಮದರ್ಶಕದಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡಿದ್ದರು. ಇಪ್ಪತ್ತೊಂದು ವರ್ಷದ ನಂತರ ಬಂದ ಈ ಜ್ವರದ ವೈರಸ್ ಅಂಥ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದು. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಒಂದು ಬ್ಯಾಕ್ಟೀರಿಯಾವೇ ಫ್ಲೂಗೆ ಕಾರಣ ಎಂದಿದ್ದರು, ಹಲವರು ಅದನ್ನೇ ನಂಬಿದ್ದರು. ಅದು ತಪ್ಪು. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿ ತೋರಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿ.

1918ರ ವೈರಸ್ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಸಿಕ್ಕ ಬಗೆ ನಮ್ಮ ಮನಸ್ಸು ತಟ್ಟಿತು. ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಸಣ್ಣ ಕ್ರೈಸ್ತ ಊರಿನಲ್ಲಿ 1918ರ ನವೆಂಬರ್‌ನಲ್ಲಿ 80 ಜನ ವಯಸ್ಕರ ಪೈಕಿ 72 ಜನ ಕೆಲವೇ ದಿನಗಳಲ್ಲಿ ಸತ್ತರು. ಅವರನ್ನು ಹಿಮಗಟ್ಟಿದ ನೆಲದಲ್ಲಿ ಒಂದೇ ಗುಂಡಿಯಲ್ಲಿ ಹೂಳಿದರು. ಜೋಹನ್ ಹಲ್ಟಿನ್ ಎಂಬ ವೈದ್ಯ 1951ರಲ್ಲಿ ಒಮ್ಮೆ, 1997ರಲ್ಲಿ ಇನ್ನೊಮ್ಮೆ ಅಲ್ಲಿಗೆ ಹೋಗಿ, ಊರಿನವರ ಒಪ್ಪಿಗೆ ಪಡೆದು ಸಮಾಧಿ ಅಗೆದು, ಶ್ವಾಸಕೋಶದ ಚೂರುಗಳನ್ನು ತೆಗೆದರು. ಎರಡನೇ ಸಲ ಹೋದಾಗ ಸಮಾಧಿಯ ಮೇಲಿದ್ದ ಹಳೆಯ ಶಿಲುಬೆಗಳು ಇರಲಿಲ್ಲ. ಹಲ್ಟಿನ್ ತಾವೇ ಮರದ ಶಿಲುಬೆಗಳನ್ನು ಮಾಡಿ ನೆಟ್ಟು ಬಂದರು. ಆ ಚೂರುಗಳು ಮತ್ತು ಆಗಿನ ಸೈನಿಕರಿಂದ ತೆಗೆದಿಟ್ಟಿದ್ದ ಮಾದರಿಗಳಿಂದ 2005ರಲ್ಲಿ ವೈರಸ್ಸಿನ ಪೂರ್ತಿ ವಂಶವಾಹಿ ಗೊತ್ತಾಯಿತು.

ಅಮೆರಿಕದ ಪ್ರಯೋಗಾಲಯದಲ್ಲಿ ಆ ವೈರಸ್ಸನ್ನು ಮತ್ತೆ ಕಟ್ಟಿ ಇಲಿಗಳ ಮೇಲೆ ಪರೀಕ್ಷಿಸಿದಾಗ, ಅದು ಶ್ವಾಸಕೋಶದಲ್ಲಿ ಭಯಂಕರವಾಗಿ ಬೆಳೆಯಿತು. ಆದರೆ ಹೃದಯ, ಮಿದುಳು, ಯಕೃತ್ತುಗಳಲ್ಲಿ ಸಿಗಲಿಲ್ಲ. ಫ್ಲೂ ವೈರಸ್ ಬೆಳೆಯಲು ಶ್ವಾಸನಾಳದಲ್ಲಿರುವ ಕೆಲವು ಕಿಣ್ವಗಳ ನೆರವು ಬೇಕು. ಆದ್ದರಿಂದ ಸಾಮಾನ್ಯವಾಗಿ ಅದು ಅಲ್ಲಿಯೇ ನಿಲ್ಲುತ್ತದೆ. ಹಾಗಿದ್ದರೆ ಜನ ಸತ್ತದ್ದು ಹೇಗೆ? ಹೆಚ್ಚಿನವರು ವೈರಸ್ ಕೆಡಿಸಿದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ನುಗ್ಗಿ, ನ್ಯುಮೋನಿಯಾ ಆಗಿ ಸತ್ತರು. ಅವರ ಕಾಲಕ್ಕೆ ಪೆನ್ಸಿಲಿನ್ ಇನ್ನೂ ಬಂದಿರಲಿಲ್ಲ. ಗಟ್ಟಿಮುಟ್ಟಾದವರಲ್ಲಿ ದೇಹದ ರಕ್ಷಣಾ ಶಕ್ತಿಯೇ ಮಿತಿ ಮೀರಿ ತನ್ನ ಮೇಲೆ ತಿರುಗಿತು ಎಂಬುದೂ ಒಂದು ವಿವರಣೆ.

ಗೋಡೆ ಒಡೆದ ಮೇಲೆ

ಇಲ್ಲಿ ದೇಹದ ರಚನೆ ಸ್ವಲ್ಪ ತಿಳಿಯಬೇಕು. ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳಿವೆ. ಪ್ರತಿ ಗೂಡಿನ ಸುತ್ತ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಬಹಳ ತೆಳುವಾದ ಪೊರೆ, ಅದರ ಮೂಲಕವೇ ಆಮ್ಲಜನಕ ಒಳಗೆ ಹೋಗುವುದು. ಇಡೀ ದೇಹದ ರಕ್ತ ಸುತ್ತಿ ಬಂದು ಪ್ರತಿ ಸಲವೂ ಈ ದಾರಿಯಿಂದ ಹಾಯಲೇಬೇಕು. ಇಲ್ಲಿ ಬೆಂಕಿ ಬಿದ್ದರೆ ಹೊಗೆ ಎಲ್ಲ ಕೋಣೆಗೂ ಹೋಗುತ್ತದೆ.

ಹಾನಿ ಹೋಗುವ ದಾರಿಗಳು ನಾಲ್ಕು. ಒಂದು, ಆಮ್ಲಜನಕ ಕಡಿಮೆಯಾಗಿ ಎಲ್ಲ ಅಂಗಗಳೂ ಬಳಲುತ್ತವೆ. ಎರಡು, ವೈರಸ್ಸಿನ ವಿರುದ್ಧ ದೇಹ ಬಿಡುವ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಹರಿದು ದೂರದ ಅಂಗಗಳನ್ನೂ ಸುಡುತ್ತವೆ. ಮೂರು, ರಕ್ತನಾಳದ ಒಳಗೋಡೆ ಕೆಟ್ಟು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೃದಯ, ಮಿದುಳು, ಶ್ವಾಸಕೋಶಗಳ ನಾಳಗಳನ್ನು ಕಟ್ಟಬಹುದು. ನಾಲ್ಕು, ಕೆಲವು ವೈರಸ್‌ಗಳು ತಾವೇ ರಕ್ತದೊಡನೆ ಹೋಗಿ ಬೇರೆ ಅಂಗಗಳಲ್ಲಿ ಸೇರುತ್ತವೆ.

ಕೊರೊನಾ ಈ ನಾಲ್ಕೂ ದಾರಿ ಹಿಡಿಯಬಲ್ಲದು. ಅದು ಜೀವಕೋಶದೊಳಗೆ ಹೋಗಲು ಏಸ್-2 ಎಂಬ ಬಾಗಿಲನ್ನು ಬಳಸುತ್ತದೆ. ಆ ಬಾಗಿಲು ಶ್ವಾಸಕೋಶದಲ್ಲಷ್ಟೇ ಅಲ್ಲ, ಹೃದಯ, ಕರುಳು, ಮೂತ್ರಪಿಂಡಗಳಲ್ಲೂ ಇದೆ. ಮೂತ್ರಪಿಂಡ ಅಂದರೆ ಕಿಡ್ನಿ, ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅತಿ ಸಣ್ಣ ನಾಳಗಳ ಮೂಲಕ ಸೋಸುವ ಅಂಗ. ಆಮ್ಲಜನಕ ಕಡಿಮೆಯಾದರೂ, ಉರಿಯೂತ ಹೆಚ್ಚಾದರೂ, ಹೆಪ್ಪು ಕಟ್ಟಿದರೂ ಅದಕ್ಕೆ ಬೇಗ ಪೆಟ್ಟು ಬೀಳುತ್ತದೆ.

ದೇಶದ ಮೊದಲ ಸಾವು ನಮ್ಮ ಪಕ್ಕದಲ್ಲೇ

ಭಾರತದಲ್ಲಿ ಕೊರೊನಾದಿಂದ ಸತ್ತ ಮೊದಲ ವ್ಯಕ್ತಿ ಕಲಬುರಗಿಯ 76 ವರ್ಷದ ಹಿರಿಯರು. ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಒಯ್ದು, ಮರಳಿ ಕರೆತರುವಾಗ 2020ರ ಮಾರ್ಚ್ 10ರ ರಾತ್ರಿ ತೀರಿಕೊಂಡರು. ರೋಗ ಯಾವುದೆಂದು ಖಚಿತವಾದದ್ದು ಮಾರ್ಚ್ 12ಕ್ಕೆ. ನಮ್ಮ ಭಾಗದ ಎಷ್ಟೋ ಮನೆಗಳವರು ದೊಡ್ಡ ಬೇನೆ ಬಂದರೆ ಹೈದರಾಬಾದಿನ ಹಾದಿ ಹಿಡಿಯುವವರೇ. ಅವರ ಮನೆಯವರ ಸಂಕಟ ನಮಗೆ ಬೇರೆಯಾಗಿ ಕಾಣಲಿಲ್ಲ.

ಆಮೇಲೆ ತಿಳಿವಳಿಕೆ ಬೇಗ ಬೇಗ ಬಂತು. 2020ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವೈದ್ಯರು ಕೊರೊನಾ ರೋಗಿಗಳ ಹಲವು ಅಂಗಗಳಲ್ಲಿ ರಕ್ತನಾಳದ ಒಳಪದರವೇ ಉರಿಯೂತಕ್ಕೆ ಸಿಕ್ಕಿದ್ದನ್ನು ತೋರಿಸಿದರು. ಜೂನ್‌ನಲ್ಲಿ ಇಂಗ್ಲೆಂಡಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ ಎಂದು ಕಂಡಿತು. ಅದು ವೈರಸ್ಸನ್ನು ಕೊಲ್ಲುವ ಔಷಧವಲ್ಲ, ದೇಹದ ಉರಿಯೂತವನ್ನು ತಗ್ಗಿಸುವುದು. ಕೊಲ್ಲುತ್ತಿದ್ದದ್ದು ವೈರಸ್ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ಡಾ. ದಿನೇಶ್ ರಾವ್ ಕೊರೊನಾದಿಂದ ಸತ್ತ ಒಬ್ಬರ ಶವಪರೀಕ್ಷೆ ಮಾಡಿದರು. ಮೆತ್ತಗೆ ಇರಬೇಕಾದ ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತು, ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೂಗು, ಗಂಟಲಿನಲ್ಲಿ ವೈರಸ್ ಸಿಕ್ಕಿತು, ಮೈಯ ಚರ್ಮದ ಮೇಲೆ ಸಿಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಜ್ಞಾನಿಗಳು 44 ಶವಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ವೈರಸ್ಸಿನ ಗುರುತು ಹೃದಯ, ಕರುಳು, ಮಿದುಳು ಸೇರಿ ದೇಹದ ಹತ್ತಾರು ಕಡೆ ಸಿಕ್ಕಿತು, ಎಲ್ಲಕ್ಕಿಂತ ಹೆಚ್ಚು ಉಸಿರಾಟದ ದಾರಿಯಲ್ಲೇ. ಆದರೆ ಗುರುತು ಸಿಕ್ಕ ಕಡೆಯೆಲ್ಲ ಉರಿಯೂತ ಇರಲಿಲ್ಲ ಎಂಬುದನ್ನೂ ಅವರು ಬರೆದಿದ್ದಾರೆ.

ಆಯಿಗೆ ಉತ್ತರ

ಈ ಬರಹ ಬರೆದ ಮೇಲೆ ನಾವು ಮೂವರು ಆಯಿಯ ಮನೆಗೆ ಹೋಗಿ ಓದಿ ಹೇಳಿದೆವು. ಕಿಡ್ನಿ ಹೋಯಿತು ಎಂದದ್ದು ಬೇರೆ ರೋಗದ ಹೆಸರಲ್ಲ, ಅದೇ ರೋಗದ ಮುಂದಿನ ಹೆಜ್ಜೆ ಇರಬಹುದು ಎಂದೆವು. ಆಯಿ ಬಹಳ ಹೊತ್ತು ಸುಮ್ಮನಿದ್ದರು.

"ಹಂಗಾದ್ರ ಅವರು ಸುಳ್ಳು ಹೇಳಿಲ್ಲ" ಎಂದರು. ಆಮೇಲೆ, "ಎರಡು ದಿನ ಮೊದಲ ಒಯ್ದಿದ್ರ ಉಳೀತಿದ್ರೇನು ತಮ್ಮಾ?"

ಅದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಆಗ ಹಾಸಿಗೆ ಸಿಗುತ್ತಿರಲಿಲ್ಲ, ಆಮ್ಲಜನಕ ಸಿಗುತ್ತಿರಲಿಲ್ಲ, ಆಯಿ ತಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದರು ಎಂದಷ್ಟೇ ಹೇಳಿದೆವು. ಕೂಡಿ ಪ್ರಾರ್ಥನೆ ಮಾಡಿ ಎದ್ದು ಬಂದೆವು.

ಉಳಿದವರು ಮಾಡಬಹುದಾದದ್ದು ಇದೆ. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಏರುತ್ತದೆ ಎಂದು ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆದ್ದರಿಂದ ಮನೆಯ ಹಿರಿಯರಿಗೆ ಕೆಮ್ಮು ಜ್ವರ ಬಂದಾಗ ಕೆಮ್ಮನ್ನಷ್ಟೇ ನೋಡಬೇಡಿ. ಎದೆನೋವು, ಉಸಿರು ಹಿಡಿಯುವುದು, ಮೂತ್ರ ಕಡಿಮೆಯಾಗುವುದು, ಒಂದು ಕಾಲು ಊದುವುದು, ತಬ್ಬಿಬ್ಬಾಗಿ ಮಾತಾಡುವುದು, ತುಟಿ ನೀಲಿಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ದವಾಖಾನೆಗೆ ಒಯ್ಯಿರಿ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿರಿ.

ಇನ್ನೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ತಮ್ಮ ಅಜ್ಜ ಅಜ್ಜಿಯರಿಂದ 1918ರ ಆ ದೊಡ್ಡ ಜ್ವರದ ಮಾತು ಕೇಳಿದ್ದರೆ ಬರೆದುಕೊಂಡು ನಮಗೆ ತಂದುಕೊಡಿ. ಮುಂದಿನ ನವೆಂಬರ್ 2ರಂದು ಸಮಾಧಿ ಸ್ಥಳದಲ್ಲಿ ಬತ್ತಿ ಹಚ್ಚುವಾಗ ಹೆಸರು ಉಳಿಯದ ಅವರಿಗೂ ಒಂದು ಬತ್ತಿ ಹಚ್ಚೋಣ.