ಬೆಲ್ಲ ಕದ್ದವರ ಬಿಕ್ಕಳಿಕೆ

ನಮ್ಮ ಮದ್ದೂರಿನಲ್ಲಿ ಬಿಕ್ಕಳಿಕೆಗೆ ಮೊದಲ ಮದ್ದು ಕಳ್ಳತನದ ಆರೋಪ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನ ಊರು ಇದು. ಎರಡು ಸಲ ಬಿಕ್ಕಿದರೆ ಸಾಕು, ಒಲೆ ಮುಂದೆ ಕೂತಿದ್ದ ಅಜ್ಜಿ ಅಲ್ಲಿಂದಲೇ ದನಿ ಏರಿಸುತ್ತಿದ್ದಳು: “ಏನ್ಲಾ, ಆಚೆಮನೆ ದೊಡ್ಡವ್ವನ ನೆಲುವಿಂದ ಬೆಲ್ಲ ಕದ್ದೆಯಂತೆ?” “ಯಾವನ್ ಹಂಗಂದೋನು?” ಎಂದು ನಾನು ಜಗಳಕ್ಕೆ ನಿಲ್ಲುವಷ್ಟರಲ್ಲಿ ಬಿಕ್ಕಳಿಕೆ ನಾಪತ್ತೆ. ನಿಜವಾಗಿ ಕದ್ದವನಿಗೆ ಮದ್ದು ಇನ್ನೂ ಬೇಗ ಹತ್ತುತ್ತಿತ್ತು.

ಓದು ಬರಹ ಬಾರದ ಅಜ್ಜಿಯ ಈ ವೈದ್ಯಕ್ಕೆ ಚರಕನ ಸಮ್ಮತಿ ಇದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೇ ಅಧ್ಯಾಯ ಬಿಕ್ಕಳಿಕೆಗೂ ಉಬ್ಬಸಕ್ಕೂ ಮೀಸಲು. ಥಟ್ಟನೆ ತಣ್ಣೀರು ಎರಚುವುದು, ಹೆದರಿಸುವುದು, ಬೆರಗುಗೊಳಿಸುವುದು, ಸಿಟ್ಟು ಬರಿಸುವುದು, ಸಂತೋಷಪಡಿಸುವುದು ಎಲ್ಲವೂ ಅಲ್ಲಿ ಚಿಕಿತ್ಸೆಗಳೇ. ಬೆಲ್ಲದ ಆರೋಪದಲ್ಲಿ ಹೆದರಿಕೆ, ಬೆರಗು, ಸಿಟ್ಟು ಮೂರೂ ಒಂದೇ ಗುಟುಕಿಗೆ ಸಿಗುತ್ತವೆ. ಮಹತಿ, ಗಂಭೀರಾ, ವ್ಯಪೇತಾ, ಕ್ಷುದ್ರಾ, ಅನ್ನಜಾ ಎಂದು ಚರಕ ಬಿಕ್ಕಳಿಕೆಯಲ್ಲಿ ಐದು ಬಗೆ ಎಣಿಸುತ್ತಾನೆ. ಮೊದಲಿನವು ಪ್ರಾಣಕ್ಕೇ ಸಂಚಕಾರ. ನಮ್ಮದೆಲ್ಲ ಕೊನೆಯದು, ಅಂದರೆ ಊಟದಿಂದ ಬರುವುದು. ಸಾರು ಸಾಲದೆ ರಾಗಿಮುದ್ದೆಯನ್ನು ಗಬಗಬ ನುಂಗಿದವನನ್ನು ಚರಕ ಕಂಡಿದ್ದರೆ ಮುದ್ದೆಜಾ ಎಂದು ಆರನೆಯದೊಂದನ್ನು ಸೇರಿಸುತ್ತಿದ್ದ.

ನವಿಲುಗರಿ ಸುಟ್ಟ ಬೂದಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವುದೂ ಆಯುರ್ವೇದದ ಹಳೆಯ ಕ್ರಮ. ನಮ್ಮ ಜಿಲ್ಲೆಯ ಮಲೆಯೂರಿನ ಕನಕಗಿರಿ ಜೈನಾಚಾರ್ಯ ಪೂಜ್ಯಪಾದರು ತಪಸ್ಸು ಮಾಡಿದ ಬೆಟ್ಟವೆಂದು ನಂಬಿಕೆ. ಅವರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ಅದರಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ತಾನಾಗಿ ಉದುರಿದ ನವಿಲುಗರಿ ಮಾಂಸವೋ ಅಲ್ಲವೋ ಎಂಬುದನ್ನು ಬಲ್ಲ ಜೈನ ಪಂಡಿತರೇ ತೀರ್ಮಾನಿಸಲಿ.

ಹಸುಗೂಸಿಗೆ ಆರೋಪ ಹೊರಿಸಲಾಗದು. ಸೆರಗಿನಿಂದ ಒಂದೆಳೆ ನೂಲು ಕಿತ್ತು, ಒದ್ದೆ ಮಾಡಿ ಹಣೆಗೆ ಅಂಟಿಸುವರು. ಕೂಸಿನ ಬಿಕ್ಕಳಿಕೆ ತಾನಾಗಿ ನಿಲ್ಲುತ್ತದೆ, ಹೆಸರು ನೂಲಿಗೆ. ದೊಡ್ಡವರಿಗಾದರೆ “ಯಾರೋ ನೆನೆಸ್ಕತಾವ್ರೆ” ಎಂದು ನೆಂಟರ ಹೆಸರು ಒಂದೊಂದಾಗಿ ಹೇಳಿಸುವರು. ನಿಂತಾಗ ಯಾರ ಹೆಸರು ಬಾಯಲ್ಲಿತ್ತೋ ಅವರೇ ನೆನೆದವರು. ಸಾಲ ಕೊಟ್ಟವರ ಹೆಸರನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. “ಆನೆ ಬಂತು” ಎಂದು ಹೆದರಿಸುವುದು ಬೇರೆ ಊರಿಗೆ ತಮಾಷೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡುಪ್ರಾಣಿಗಳ ಸಲುವಾಗಿ ಕಾಡಿನ ಹೆದ್ದಾರಿಯಲ್ಲಿ ಹೆಚ್ಚಿನ ವಾಹನಗಳನ್ನು ಬಿಡದ ನಮ್ಮ ಕಡೆ ಹಾಗಂದರೆ, ಬಿಕ್ಕಳಿಕೆ ನಿಂತಿತೇ ಎಂದು ನೋಡಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಗ್ರೀಕರೂ ಕಡಿಮೆಯಿಲ್ಲ. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಭಾಷಣದ ಸರದಿ ಬಂದಾಗಲೇ ನಾಟಕಕಾರ ಅರಿಸ್ಟೋಫೆನೀಸ್‌ಗೆ ಬಿಕ್ಕಳಿಕೆ. ಉಸಿರು ಬಿಗಿಹಿಡಿ, ಇಲ್ಲವೇ ಬಾಯಿ ಮುಕ್ಕಳಿಸು, ಅದಕ್ಕೂ ಬಗ್ಗದಿದ್ದರೆ ಮೂಗು ಕೆರಳಿಸಿ ಸೀನು ಎನ್ನುತ್ತಾನೆ ಪಕ್ಕದಲ್ಲಿದ್ದ ವೈದ್ಯ. ಸೀನಿದ ಮೇಲೆ ನಿಂತಿತು. ಅಮೆರಿಕದ ಅಯೋವಾದ ಚಾರ್ಲ್ಸ್ ಆಸ್ಬರ್ನ್‌ಗೆ ಆ ಭಾಗ್ಯವಿರಲಿಲ್ಲ. 1922ರಲ್ಲಿ ಹಂದಿ ತೂಕ ಮಾಡಹೋದಾಗ ಹಿಡಿದ ಬಿಕ್ಕಳಿಕೆ ಬಿಟ್ಟದ್ದು 1990ರಲ್ಲಿ. ಅಷ್ಟರ ನಡುವೆ ಅವನು ಮದುವೆಯಾಗಿ ಮಕ್ಕಳನ್ನೂ ಪಡೆದ.

ಬಿಕ್ಕುವಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ತಟಕ್ಕನೆ ಬಿಗಿದುಕೊಳ್ಳುತ್ತದೆ, ಗಂಟಲಿನ ಬಾಗಿಲು ಒಡನೆ ಮುಚ್ಚುತ್ತದೆ, “ಹಿಕ್” ಎನ್ನುತ್ತದೆ, ಅಷ್ಟೇ. ಅದನ್ನು ತಡೆಯಲು ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಗುಟುಕು ನೀರು ಗಂಟಲಿನ ನರಗಳನ್ನು ಕೆಣಕುತ್ತದೆ. ಸಕ್ಕರೆಗೂ ಸಾಕ್ಷಿ ಇದೆ. 1971ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬಂದ ವರದಿಯ ಪ್ರಕಾರ ಒಂದು ಚಮಚ ಒಣ ಸಕ್ಕರೆ ನುಂಗಿದ 20 ಮಂದಿಯಲ್ಲಿ 19 ಮಂದಿಗೆ ಬಿಕ್ಕಳಿಕೆ ನಿಂತಿತು. 1988ರಲ್ಲಿ ಫ್ರಾನ್ಸಿಸ್ ಫೆಸ್ಮೈರ್ ಎಂಬ ವೈದ್ಯ ಇನ್ನೊಂದು ದಾರಿ ಬರೆದ: ಗುದದ್ವಾರದಲ್ಲಿ ಬೆರಳಿಟ್ಟು ತಿಕ್ಕುವುದು. ಅದಕ್ಕೆ 2006ರಲ್ಲಿ ಇಗ್ ನೊಬೆಲ್ ಎಂಬ ನಗೆಬಹುಮಾನವೂ ಸಿಕ್ಕಿತು. ಇದನ್ನು ಓದಿದ ಮೇಲೆ ಬೆಲ್ಲದ ಕಳ್ಳ ಅನ್ನಿಸಿಕೊಳ್ಳುವುದೇ ಮರ್ಯಾದೆ ಎಂದು ನನಗನ್ನಿಸಿದೆ.

ಬಿಕ್ಕಳಿಕೆ 48 ಗಂಟೆ ದಾಟಿದರೆ ಮಾತ್ರ ನೂಲು, ಬೆಲ್ಲ, ನೆಂಟರ ಪಟ್ಟಿ ಎಲ್ಲ ಬಿಟ್ಟು ವೈದ್ಯರ ಬಳಿ ಹೋಗಿ. ಅದರ ಹಿಂದೆ ಬೇರೆ ಕಾಯಿಲೆ ಇರಬಹುದು, ಅಂಥ ಬಿಕ್ಕಳಿಕೆಗೆ ಮಾತ್ರೆಯೂ ಇದೆ.