ಫಲಪುಷ್ಪ ಪ್ರದರ್ಶನದಲ್ಲಿ ಫಲ ಎಲ್ಲಿ?

1/6

ಫೋಟೋದಲ್ಲಿ ಕಲ್ಲು ಬೆಂಚಿನ ಮೇಲೆ ಹೂವಿಗೆ ಬೆನ್ನು ಹಾಕಿ ಕೂತಿರೋದು ನಮ್ಮಜ್ಜಿ. ಲಾಲ್‌ಬಾಗ್, 2024ರ ಆಗಸ್ಟ್. ವರ್ಷಕ್ಕೆ ಎರಡು ಸಲ, ಜನವರಿಗೊಂದು ಆಗಸ್ಟ್‌ಗೊಂದು, ಮನೆಮಂದಿಯೆಲ್ಲ ಹೊರಡೋದು ನಮ್ಮಲ್ಲಿ ರೂಢಿ. ಬೇರೆಯವರು ಜಾತ್ರೆಗೆ ಹೋಗ್ತಾರಲ್ಲ, ಹಾಗೆ. ಅಮ್ಮ ಬೀಜದ ಪೊಟ್ಟಣ ತಗೋತಾರೆ, ಅಪ್ಪ ಬೇಗ ಮನೆಗೆ ಹೋಗೋಣ ಅಂತಾರೆ, ತಮ್ಮ ಜೋಳ ತಿಂತಾನೆ.

ಆ ಸಲದ ಶೋ ಅಂಬೇಡ್ಕರ್ ಅವರ ಮೇಲಿತ್ತು. ಗಾಜಿನ ಮನೆಯೊಳಗೆ ಎಷ್ಟು ಜನ ಅಂದ್ರೆ, ನಡೆಯೋದೇ ಬೇಡ, ಹಿಂದಿನವರು ತಳ್ಳಿಕೊಂಡೇ ಹೋಗ್ತಾರೆ. ಎಪ್ಪತ್ತೆಂಟರ ಅಜ್ಜಿಯನ್ನ ಕೈ ಹಿಡಿದು ಒಂದು ಸುತ್ತು ಹಾಕಿಸಿ ಹೊರಗೆ ಕೂರಿಸಿದೆ. ಅಜ್ಜಿ ಸೆರಗಲ್ಲಿ ಮುಖ ಒರೆಸಿಕೊಂಡು ಕೇಳಿದ್ರು: "ಬೋರ್ಡಲ್ಲಿ ಫಲಪುಷ್ಪ ಪ್ರದರ್ಶನ ಅಂತ ಬರ್ದವ್ರೆ. ಪುಷ್ಪ ನೋಡ್ದೆ. ಫಲ ಎಲ್ಲಿ ಮಡಗವ್ರೆ ಪುಟ್ಟಿ?"

ಕಲ್ಲಂಗಡಿಯಲ್ಲಿ ಮುಖ ಕೆತ್ತಿಟ್ಟಿದ್ದ ಕಡೆ ಕರ್ಕೊಂಡು ಹೋಗಿ ತೋರಿಸಿದೆ. ಅಜ್ಜಿ ನಗಲಿಲ್ಲ. "ತಿನ್ನೋದ್ರಲ್ಲಿ ಮುಖ ಮಾಡವ್ರೆ" ಅಂದ್ರು ಅಷ್ಟೇ.

ನಾನು ಬಿಕಾಂ ಓದೋಳು, ಹಿಸ್ಟರಿ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಒಂದು ವರ್ಷ ಬಿಡುವು ಸಿಕ್ಕಾಗೆಲ್ಲ ಓದಿದ್ದು, ಮನೆಯಲ್ಲಿ ಕೇಳಿದ್ದು, ಎಲ್ಲಾ ಸೇರಿಸಿ ಆರು ಕ್ಯಾಪ್ಷನ್ ಆಗಿದೆ. ನಿಧಾನಕ್ಕೆ ಓದಿ.

2/6

ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರ್ ಅಲಿ ಕಾಲದಲ್ಲಿ, ಅನ್ನೋದು ನಿಮಗೆ ಗೊತ್ತೇ ಇರುತ್ತೆ. ಆಗ ಸುಮಾರು 40 ಎಕರೆ, ಈಗ 240. ಟಿಪ್ಪು ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿದ. ಅವನ ಕಾಲದ್ದು ಅಂತ ಹೇಳೋ ಮಾವಿನ ಮರ ಈಗಲೂ ಒಳಗಿದೆ. ಅಂದ್ರೆ ಹೂವಿನ ಪಾತಿ ಎಷ್ಟಿತ್ತೋ ಹಣ್ಣಿನ ಮರಾನೂ ಅಷ್ಟೇ ಇತ್ತು.

1799ರಲ್ಲಿ ಟಿಪ್ಪು ಹೋದ ಮೇಲೆ ತೋಟ ಕೈಯಿಂದ ಕೈಗೆ ಹೋಯ್ತು. ಅದು ದೊಡ್ಡ ಕಥೆ, ಇಲ್ಲಿ ಬೇಡ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. ಅಲ್ಲಿಂದ ಇದರ ಕೆಲಸಾನೇ ಬೇರೆ. ಹೊರಗಿನ ಗಿಡ ತರೋದು, ಈ ಮಣ್ಣಿಗೆ ಹೊಂದುತ್ತಾ ನೋಡೋದು, ಹೊಂದಿದ್ರೆ ಸಸಿ, ಬೀಜ ಹಂಚೋದು. ಪ್ರಾಕ್ಟಿಕಲ್ ಪರೀಕ್ಷೆ ನಡೆಯೋ ಲ್ಯಾಬ್ ಅಂದ್ಕೊಳ್ಳಿ, ಗೋಡೆ ಇಲ್ಲ ಅಷ್ಟೇ.

1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಇದ್ದರು. ಲಂಡನ್ನಿನ ಕ್ಯೂ ತೋಟದಲ್ಲಿ ಕಲಿತವರು. ಸೀಮೆಬದನೆ ನಮ್ಮ ಊರಿಗೆ ಬಂದದ್ದು ಅವರ ಕಾಲದಲ್ಲೇ. ಹೆಸರು ನೋಡಿ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹೊರಗಿಂದ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಅಂತ ಸೇರಿಸಿಬಿಟ್ಟರು. ತಮಾಷೆ ಅಂದ್ರೆ ತಮಿಳರು ಅದನ್ನೇ ಬೆಂಗಳೂರು ಬದನೆ ಅಂತ ಕರೀತಾರೆ! ಕೋಸು, ಹೂಕೋಸು, ನವಿಲುಕೋಸು ಈ ಊರಿನ ಸುತ್ತಲ ತೋಟಗಳಿಗೆ ಹರಡಿದ್ದರಲ್ಲೂ ಲಾಲ್‌ಬಾಗ್ ಪಾಲು ದೊಡ್ಡದು. ಇವತ್ತು ನಮ್ಮ ಸಾಗು ಹುಳಿಯಲ್ಲಿ ಬೀಳೋ ಅರ್ಧ ತರಕಾರಿ ಆಗ ಪರೀಕ್ಷೆಗೆ ಕೂತಿದ್ದವು.

ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು, ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು, ಕಬ್ಬಿಣ ಗ್ಲ್ಯಾಸ್ಗೋದಿಂದ ಬಂತು. 1935ರಲ್ಲಿ ಇನ್ನಷ್ಟು ವಿಸ್ತರಿಸಿದಾಗ ಭದ್ರಾವತಿ ಕಬ್ಬಿಣ ಹಾಕಿದರು. ಮುಂದಿನ ಸಲ ಒಳಗೆ ನೂಕಿಸಿಕೊಳ್ಳುವಾಗ ತಲೆ ಎತ್ತಿ ನೋಡಿ.

3/6

1908ರಲ್ಲಿ ಜಿ.ಎಚ್. ಕೃಂಬಿಗಲ್ ಬಂದರು. ಜರ್ಮನಿಯವರು, ಬರೋಡಾದಲ್ಲಿ ಕೆಲಸ ಮಾಡಿದ್ದವರು. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆ ಇವರದೇ ಹೆಸರು. 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು, ಸಮಾಧಿ ಹೊಸೂರು ರಸ್ತೆಯಲ್ಲಿದೆ. ಒಂದು ಮರದ ಹೂ ಉದುರೋ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಊರಿನ ರಸ್ತೆಗಳಿಗೆ ಮರ ಆರಿಸಿದವರು ಇವರು. ಫೆಬ್ರವರಿ ಮಾರ್ಚಲ್ಲಿ ನೀವು ಸ್ಟೋರಿ ಹಾಕೋ ಗುಲಾಬಿ ಟಬೂಬಿಯಾಗೆ ಹಿಂದೆ ಇಂಥ ಒಂದು ಯೋಚನೆ ಇದೆ.

ನನ್ನ ವಿಷಯಕ್ಕೆ ಮುಖ್ಯವಾದದ್ದು ಬೇರೆ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಶುರುವಾಯ್ತು. ಶೋ ನಡೆಸೋದರಲ್ಲಿ ತೋಟಗಾರಿಕೆ ಇಲಾಖೆ ಜೊತೆ ಇವತ್ತಿಗೂ ಈ ಸಂಘ ಇದೆ. 2023ರ ಆಗಸ್ಟ್‌ನಲ್ಲಿ ನಡೆದದ್ದು 214ನೇ ಶೋ. ವರ್ಷಕ್ಕೆ ಎರಡರಂತೆ, ಕೊರೋನಾದಲ್ಲಿ ತಪ್ಪಿಹೋದ ನಾಲ್ಕನ್ನೂ ಸೇರಿಸಿ ಹಿಂದಕ್ಕೆ ಎಣಿಸಿ ನೋಡಿ, 1910ರ ದಶಕಕ್ಕೇ ಬಂದು ನಿಲ್ಲುತ್ತೆ. (ಅಕೌಂಟೆನ್ಸಿ ಓದಿದ್ದು ಇಷ್ಟಕ್ಕಾದ್ರೂ ಬಂತು.)

ಯಾಕೆ ಎರಡು ಸಲ? ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಅನ್ನೋದು ಆಮೇಲೆ ಸೇರಿಕೊಂಡ ಹೆಸರು. ಗಿಡಗಳಿಗೆ ಅದು ಗೊತ್ತಿಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಬಿತ್ತಿದ್ದು ಚಳಿಯಲ್ಲಿ, ಜನವರಿಗೆ ಸರಿಯಾಗಿ, ಹೂ ಬಿಡುತ್ತೆ. ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್ ಎಲ್ಲ ಹಾಗೇ. ಆಗಸ್ಟ್ ಶೋ ಕಷ್ಟದ್ದು. ಮಳೆ ಹೊಡೆದ್ರೆ ಮೊಗ್ಗು ಕೊಳೆಯುತ್ತೆ, ಬಿಸಿಲು ಬರದಿದ್ರೆ ಗಿಡ ಉದ್ದ ಎಳೆದುಕೊಂಡು ಬಾಗುತ್ತೆ. ನೀವು ಎರಡು ಸೆಕೆಂಡ್ ನೋಡಿ ಮುಂದೆ ಹೋಗೋ ಕುಂಡದ ಹಿಂದೆ ಮೂರು ತಿಂಗಳ ಕೆಲಸ ಇರುತ್ತೆ. ತರಕಾರಿಗೂ ಇದೇ ಲೆಕ್ಕ. ನವಿಲುಕೋಸು, ಹೂಕೋಸು ಚಳಿಯಲ್ಲಿ ಚೆನ್ನಾಗಿ ಕೂರುತ್ತೆ, ಹಾಗಾಗಿ ಬೆಳೆಗಾರರಿಗೆ ಜನವರಿ ಶೋ ದೊಡ್ಡದು.

ಹೌದು, ಬೆಳೆಗಾರರಿಗೆ. ಹಣ್ಣು, ತರಕಾರಿ ತಂದು ಸಾಲಾಗಿ ಇಡೋದು, ತಿಳಿದವರು ಬಂದು ಗಾತ್ರ, ಆಕಾರ, ರೋಗ ಇದೆಯಾ ನೋಡಿ ಬಹುಮಾನ ಕೊಡೋದು. ಪಕ್ಕದವನ ಕೋಸು ತನ್ನದಕ್ಕಿಂತ ಗಟ್ಟಿ ಯಾಕಿದೆ ಅಂತ ನಿಂತು ವಿಚಾರಿಸೋದು. ಕಲಿಯೋಕೆ ಇದಕ್ಕಿಂತ ಒಳ್ಳೆ ಕ್ಲಾಸ್ ಇರಲಿಲ್ಲ. ಕೃಂಬಿಗಲ್ ಹೆಸರಿನ ಹಳೆ ಸಭಾಂಗಣವೂ ತೋಟದೊಳಗೆ ಇತ್ತು. ಪಾಠ, ಉಪನ್ಯಾಸಕ್ಕೆ ಬಳಸ್ತಿದ್ದದ್ದು. 2017ರ ನವೆಂಬರ್‌ನಲ್ಲಿ ಕುಸಿದು ಬಿತ್ತು. ಮುಂದಿನ ಜನವರಿಗೆ ಶೋ ಬಂತು, ನಾವೆಲ್ಲ ಹೋದ್ವಿ. ಅದು ಬಿದ್ದಿದೆ ಅಂತ ನಮ್ಮ ಮನೆಯಲ್ಲಿ ಒಬ್ಬರೂ ಮಾತಾಡಿದ ನೆನಪಿಲ್ಲ.

4/6

ಈ ಫೋಟೋ ನಮ್ಮ ದೇವರ ಮನೆದು. ಊದಿನಕಡ್ಡಿ ಸಿಕ್ಕಿಸಿರೋ ಆ ಸಣ್ಣ ಕಪ್ ಕಂಡಿತಾ? ಅದು ನಮ್ಮ ಮುತ್ತಜ್ಜನಿಗೆ ಲಾಲ್‌ಬಾಗಲ್ಲಿ ನವಿಲುಕೋಸಿಗೆ ಬಂದ ಬಹುಮಾನ ಅಂತ ಅಜ್ಜಿ ಹೇಳ್ತಾರೆ.

ನಾವು ತಿಗಳರು. ಬೆಂಗಳೂರು ಕರಗ ನಮ್ಮವರದು ಅಂತ ಹೇಳಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ತೋಟ ನಮ್ಮವರದು ಅಂದ್ರೆ ಈಗ ಯಾರಿಗೂ ಗೊತ್ತಾಗಲ್ಲ. ಹೈದರ್ ಕಾಲದಿಂದ ಲಾಲ್‌ಬಾಗಲ್ಲಿ ಮಣ್ಣು ಅಗೆದವರು ನಮ್ಮವರು ಅಂತ ಮನೆಯಲ್ಲಿ ಹೇಳ್ತಾರೆ. ಮುತ್ತಜ್ಜನಿಗೆ ಸಿದ್ದಾಪುರದ ಆಚೆ ಗುತ್ತಿಗೆಗೆ ತೋಟ ಇತ್ತಂತೆ. ಬೆಳಗ್ಗೆ ಎತ್ತು ಕಟ್ಟಿ ಕಪಿಲೆ ಹೊಡೆದು ನೀರು, ರಾತ್ರಿ ಸೊಪ್ಪು ಕಟ್ಟು ಕಟ್ಟಿ ಮಾರ್ಕೆಟ್‌ಗೆ. 1948ರಲ್ಲಿ ಜಯನಗರ ಬಡಾವಣೆ ಶುರುವಾಯ್ತಲ್ಲ, ಅಲ್ಲಿಂದ ಒಂದೊಂದೇ ತೋಟ ಸೈಟ್ ಆಗ್ತಾ ಬಂತು. ಅಜ್ಜಿ ಮದುವೆ ಆಗೋ ಹೊತ್ತಿಗೆ ಮುತ್ತಜ್ಜನದೂ ಹೋಗಿತ್ತು. ಆ ಕಡೆ ನರ್ಸರಿಗಳು ಈಗಲೂ ಇವೆ, ಅಷ್ಟು ಉಳಿದಿದೆ.

ಕಪ್ ಮೇಲೆ ಏನೋ ಕೆತ್ತಿತ್ತು. ಹಬ್ಬ ಬಂದಾಗೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರ ಎಲ್ಲ ಸವೆದಿದೆ. ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡಿದೆ. ಇಂಗ್ಲಿಷ್ ಅಕ್ಷರ ಎರಡು ಮೂರು ಕಾಣುತ್ತೆ, ಇಸವಿ ಇದ್ದ ಜಾಗ ನುಣ್ಣಗಿದೆ. ಹೆಸರು ಇತ್ತೋ ಇಲ್ಲವೋ. "ಏನ್ ಬರ್ದಿತ್ತು ಅಜ್ಜಿ?" ಅಂತ ಕೇಳಿದೆ. "ನಂಗೆ ಓದಕ್ಕೆ ಬಂದಿದ್ರೆ ತಿಕ್ತಿದ್ನಾ" ಅಂದ್ರು.

ಅದಾದ ಮೇಲೆ ಎರಡು ದಿನ ನನಗೆ ಬರೆಯೋಕೆ ಆಗಲಿಲ್ಲ. ಮೇಲಿನ ಮೂರು ಕ್ಯಾಪ್ಷನ್ ವಾಪಸ್ ಓದಿ ನೋಡಿ. ಹೈದರ್, ಟಿಪ್ಪು, ಕ್ಯಾಮರಾನ್, ಕೃಂಬಿಗಲ್. ನಾನೂ ಅದೇ ಸಾಲನ್ನೇ ಬರೆದಿದ್ದೀನಿ. ನಾನು ಓದಿದ್ದರಲ್ಲಿ ಎಲ್ಲಾ ಕಡೆ ಸಿಕ್ಕಿದ್ದು ಅಧಿಕಾರಿಗಳ ಹೆಸರೇ. ಕೋಸು ತಂದಿಟ್ಟವರ ಹೆಸರು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

5/6

ಸ್ವಾತಂತ್ರ್ಯದ ಹಿಂದೆ ಮುಂದೆ ಇಬ್ಬರು ನಮ್ಮವರು ಲಾಲ್‌ಬಾಗ್ ನೋಡಿಕೊಂಡರು. ಎಚ್.ಸಿ. ಜವರಾಯರು 1932ರಲ್ಲಿ ಕೃಂಬಿಗಲ್ ಜಾಗಕ್ಕೆ ಬಂದರು. ಹೆಸರಘಟ್ಟದ ಹಣ್ಣಿನ ಸಂಶೋಧನಾ ಕೇಂದ್ರ ಅವರ ಕೆಲಸ. ಆಮೇಲೆ ಡಾ. ಎಂ.ಎಚ್. ಮರಿಗೌಡರು. ತೋಟಗಾರಿಕೆ ಅಂದ್ರೆ ರಾಜರ ಉದ್ಯಾನ ಮಾತ್ರ ಅಂದುಕೊಂಡಿದ್ದ ಕಾಲದಲ್ಲಿ ಅದನ್ನ ರಾಜ್ಯದ ತಾಲ್ಲೂಕುಗಳಿಗೆ, ರೈತರ ಹೊಲಕ್ಕೆ ಒಯ್ದವರು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿದ್ದರಲ್ಲೂ ಅವರ ಕೈ ಇತ್ತು. ಅದೇ ಇವತ್ತಿನ ಹಾಪ್‌ಕಾಮ್ಸ್. ನಮ್ಮ ಸಿಲೆಬಸ್‌ನಲ್ಲಿ ಸಹಕಾರ ಸಂಘದ ಚಾಪ್ಟರ್ ಇದೆ, ಅದರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಉದಾಹರಣೆ ಕೊಡ್ತಾರೆ. ಕಾಲೇಜ್ ಗೇಟ್ ಎದುರಿನ ಹಸಿರು ಮಳಿಗೆ ಬಗ್ಗೆ ಒಂದು ಸಾಲೂ ಇಲ್ಲ.

ಶೋ ಯಾವಾಗ ಪೂರ್ತಿ ಹೂವಿನ ಕಡೆ ವಾಲಿತು ಅಂತ ಒಂದು ದಿನ ಗುರುತು ಹಾಕೋಕೆ ಆಗಲ್ಲ. ಊರು ಬೆಳೆದ ಹಾಗೆ ಬರೋ ಜನ ಬದಲಾದರು. ತೋಟ ಇದ್ದವರು ಕಮ್ಮಿ ಆದರು, ಬಾಲ್ಕನಿ ಇದ್ದವರು ಜಾಸ್ತಿ ಆದರು. ಗಾಜಿನ ಮನೆ ನಡುವೆ ಗುಲಾಬಿ, ಸೇವಂತಿಗೆಯಲ್ಲಿ ಕಟ್ಟೋ ದೊಡ್ಡ ಮಾದರಿ ಮುಖ್ಯ ಆಯ್ತು. ಹೂ ಬಾಡುತ್ತಲ್ಲ, ಮಧ್ಯದಲ್ಲಿ ಒಮ್ಮೆ ಪೂರ್ತಿ ಬದಲಾಯಿಸ್ತಾರೆ.

ಇದನ್ನ ಬೈಯೋಕೆ ಬರೀತಿಲ್ಲ. 2022ರ ಆಗಸ್ಟ್‌ನಲ್ಲಿ, ಕೊರೋನಾ ಆದ ಮೇಲಿನ ಮೊದಲ ಶೋ, ಡಾ. ರಾಜ್ ಮತ್ತು ಅಪ್ಪು ಅವರ ನೆನಪಿಗೆ ಮಾಡಿದ್ದು. ಗಾಜನೂರಿನ ಮನೆ ಹೂವಲ್ಲಿ ಕಟ್ಟಿದ್ದರು. 8 ಲಕ್ಷಕ್ಕೂ ಹೆಚ್ಚು ಜನ ಬಂದರು, 3 ಕೋಟಿ ರೂಪಾಯಿಗೂ ಹೆಚ್ಚು ಬಂತು. ಆ ಜನರಲ್ಲಿ ನಾನೂ ಒಬ್ಬಳು. ಪಕ್ಕದಲ್ಲಿ ನಿಂತಿದ್ದ ಯಾರೋ ದೊಡ್ಡ ಗಂಡಸು ಅಪ್ಪು ಫೋಟೋ ಮುಂದೆ ಕಣ್ಣು ಒರೆಸಿಕೊಳ್ತಿದ್ರು. ನಾನೂ ಅತ್ತೆ. ಅದು ಸುಳ್ಳಾ? ಖಂಡಿತ ಅಲ್ಲ. ಶಾಲೆ ಮಕ್ಕಳು ಯೂನಿಫಾರ್ಮಲ್ಲಿ ಸಾಲಾಗಿ ಬಂದು ಅಂಬೇಡ್ಕರ್ ಬಗ್ಗೆ ಬೋರ್ಡ್ ಓದಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳೋದನ್ನೂ ಮುಂದೆ ನಾನೇ ನೋಡಿದೆ. ಅದೂ ಪಾಠವೇ.

ಆದರೂ ಆ ಮಗುಗೆ ಸೇವಂತಿಗೆ ಬೆಳೆದವರು ಯಾರು, ಕೆಜಿಗೆ ಎಷ್ಟು ಸಿಗ್ತು ಅನ್ನೋ ಬೋರ್ಡ್ ಒಂದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ. ವ್ಯವಹಾರ ಓದೋಳ ಬುದ್ಧಿ ಅಂದುಕೊಳ್ಳಿ ಪರವಾಗಿಲ್ಲ.

6/6

ಕೊನೆ ಫೋಟೋ: ಅಜ್ಜಿ, ಕೈಯಲ್ಲಿ ಮಾವು. ಇದೂ ಲಾಲ್‌ಬಾಗೇ. ಬೇಸಿಗೆಯ ಮಾವು ಮೇಳದಲ್ಲಿ ತೆಗೆದದ್ದು.

ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೆಳೆಗಾರರೇ ಮಳಿಗೆ ಹಾಕ್ತಾರೆ. ಕಾರ್ಬೈಡ್ ಹಾಕದೆ ಹಣ್ಣು ಮಾಡಿದ್ದು ಅನ್ನೋದು ಮೇಳದ ಹೆಗ್ಗಳಿಕೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಮಲಗೋವಾ. ಸಕ್ಕರೆಗುತ್ತಿ ಅಂತ ನೆಲ್ಲಿಕಾಯಿ ಹಾಗೆ ಪುಟ್ಟದೊಂದು ಮಾವು ಇದೆ, ತಿಂದಿಲ್ಲ ಅಂದ್ರೆ ತಿನ್ನಿ. ಹಲಸೂ ಸಿಗುತ್ತೆ. ಗುಂಪು ಇರುತ್ತೆ, ಆದ್ರೆ ಆಗಸ್ಟ್ ಥರ ಅಲ್ಲ.

ಅಜ್ಜಿ ಮೂರು ಮಳಿಗೆ ದಾಟಿ ನಾಲ್ಕನೇದರ ಮುಂದೆ ನಿಂತರು. ಕೋಲಾರದ ಕಡೆ ಗಂಡ ಹೆಂಡತಿ. ಅಜ್ಜಿ ಹಣ್ಣು ಎತ್ತಿ ತೊಟ್ಟಿನ ಹತ್ತಿರ ಮೂಸಿ, ಹುಲ್ಲಲ್ಲಿ ಎಷ್ಟು ದಿನ ಇಟ್ರಿ, ಈ ಸಲ ಹೂ ಬಿಟ್ಟಾಗ ಮಳೆ ಬಂತಾ, ಜಿಗಿಹುಳ ಬಿತ್ತಾ ಅಂತ ಶುರು ಮಾಡಿದ್ರು. ಆ ಯಮ್ಮ ಮೊದಲು ಗಿರಾಕಿಗೆ ಹೇಳೋ ಹಾಗೆ ಹೇಳಿದರು, ಎರಡನೇ ಪ್ರಶ್ನೆಗೆ ಸ್ಟೂಲ್ ಎಳೆದು ಕೊಟ್ಟರು. ಹಿಂದೆ ಜನ ನಿಂತಿದ್ದರು, ಇಬ್ಬರಿಗೂ ಪರಿವೆ ಇಲ್ಲ. ನಾನು ಪಕ್ಕಕ್ಕೆ ಸರಿದು ಈ ಫೋಟೋ ತೆಗೆದೆ. ಅರ್ಧ ಗಂಟೆ ಆಯ್ತು. ಮೂರು ಕೆಜಿ ದುಡ್ಡಿಗೆ ಮೂರೂವರೆ ಕೆಜಿ ಕೊಟ್ಟು ಕಳಿಸಿದ್ರು.

ಗೇಟ್ ಹತ್ತಿರ ಆಟೋ ಕಾಯ್ತಾ "ಫಲ ಸಿಕ್ತಾ ಅಜ್ಜಿ?" ಅಂತ ಕೇಳಿದೆ. "ನವಿಲುಕೋಸು ಇರ್ಲಿಲ್ಲ" ಅಂದ್ರು.

ಈಗ ನಿಮ್ಮಿಂದ ಒಂದು ಸಹಾಯ. ನಿಮ್ಮ ಮನೆಯಲ್ಲಿ ಅಜ್ಜ, ಮುತ್ತಜ್ಜ ಯಾರಾದ್ರೂ ಲಾಲ್‌ಬಾಗ್ ಶೋಗೆ ಹಣ್ಣು, ತರಕಾರಿ, ಕುಂಡ ಇಟ್ಟಿದ್ರಾ? ಹಳೆ ಕಪ್, ಸರ್ಟಿಫಿಕೇಟ್, ಫೋಟೋ ಏನಾದ್ರೂ ಇದ್ರೆ ಮೆಸೇಜ್ ಮಾಡಿ. ಹೆಸರು, ಊರು, ಏನು ಬೆಳೆದಿದ್ರು, ಅಷ್ಟು ಸಾಕು. ಪಟ್ಟಿ ಮಾಡ್ತಾ ಇದ್ದೀನಿ. ಸದ್ಯಕ್ಕೆ ಅದರಲ್ಲಿ ಒಂದೇ ಹೆಸರಿದೆ. ಮತ್ತೆ ದಯವಿಟ್ಟು, ಕಪ್ ಇದ್ರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

#ಲಾಲ್‌ಬಾಗ್ #ಫಲಪುಷ್ಪಪ್ರದರ್ಶನ #ಬೆಂಗಳೂರುಇತಿಹಾಸ #ಮಾವುಮೇಳ #ನಮ್ಮಜ್ಜಿ